ಠಾವು ಹೇಳುವ ಯಂತ್ರ

ಶಿರಸಿಯ ಸೀಮೆಯಲ್ಲಿ ಒಳ್ಳೆಯ ಅಪ್ಪೆಯ ಮರವೆಲ್ಲಿದೆಯೆಂದು ಕೇಳಿದವನಿಗೆ ನೆಟ್ಟಗಿನ ಉತ್ತರ ದೊರೆಯುವುದು ದುರ್ಲಭ. ಉಪ್ಪಿನಕಾಯಿಯನ್ನು ಬೇಕಾದಷ್ಟು ಬಡಿಸುವರು. ಭರಣಿಗೆ ಎಷ್ಟು ವರ್ಷವಾಯಿತೆಂಬುದನ್ನು ಹೆಮ್ಮೆಯಿಂದ ಹೇಳುವರು. ಮಿಡಿಯ ಸೊನೆಗೆ ಇರುವುದು ಜೀರಿಗೆಯ ಕಂಪೋ ಕರ್ಪೂರದ ಕಂಪೋ ಎಂದು ಊಟ ಮುಗಿಯುವವರೆಗೂ ವಾದಿಸುವರು. ಮರದ ಮಾತು ಬಂದೊಡನೆ ಮಾತ್ರ “ಅದು ಹೊಳೆಯ ಆಚೆ, ದೂರ” ಎಂದು ಕೈಯನ್ನು ಗಾಳಿಯಲ್ಲಿ ಬೀಸಿಬಿಡುವರು. ಇದನ್ನು ಜಿಪುಣತನವೆಂದು ತಿಳಿಯಬಾರದು. ಅಪ್ಪೆಯೆಂಬುದು ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮಾವು. ಅದರ ಎಳೆಯ ಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಕೊಳೆತು ಭರಣಿಯನ್ನೇ ಕೆಡಿಸುವುದು. ಮರವನ್ನು ಹತ್ತಿ, ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಟ್ಟು, ತಾಳ್ಮೆಯಿಂದ ಕೊಯ್ಯುವವನು ಒಬ್ಬನಾದರೆ, ಕೊಂಬೆಯನ್ನೇ ಕಡಿದು ಇಳಿಸಿ ನೆರಳಿನಲ್ಲಿ ಕುಳಿತು ಬಿಡಿಸಿಕೊಳ್ಳುವವನು ಇನ್ನೊಬ್ಬ. ಮಿಡಿಗೆ ಪೇಟೆಯಲ್ಲಿ ಬೆಲೆಯೇರಿದ ಮೇಲೆ ಈ ಎರಡನೆಯ ಬಗೆಯವರು ಹೆಚ್ಚಿದರು. ಆದುದರಿಂದ ಮರದ ಠಾವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು ಆ ಕಡೆಯ ಮನೆಗಳಲ್ಲಿ ಒಂದು ವಿದ್ಯೆಯೇ ಆಗಿದೆ.

ಇಂಥ ಒಂದು ಮನೆಯಲ್ಲಿ ಹುಟ್ಟಿದ ತರುಣನೊಬ್ಬನು ಬೆಂಗಳೂರಿನಲ್ಲಿ ಮೊಬೈಲ್ ಫೋನಿನ ಆ್ಯಪುಗಳಿಗೆ ವಿನ್ಯಾಸ ರಚಿಸುವ ಉದ್ಯೋಗದಲ್ಲಿದ್ದನು. ಅಡಿಕೆಯ ತೋಟದ ಹಿರಿಯರಿಗೆ ಈ ಉದ್ಯೋಗವನ್ನು ತಿಳಿಯಹೇಳುವುದು ಸುಲಭವಲ್ಲ. ಯಂತ್ರದ ಒಳಗಿನ ಲೆಕ್ಕಾಚಾರವನ್ನು ಬರೆಯುವವರು ಬೇರೆಯೇ ಇದ್ದಾರೆ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಅದನ್ನು ಒತ್ತಿದರೆ ಮುಂದೇನು ತೋರಬೇಕು, ಬಳಸುವವನಿಂದ ಏನನ್ನು ಕೇಳಬೇಕು, ಏನನ್ನು ಕೇಳದೆ ಬಿಡಬೇಕು ಎಂಬುದಷ್ಟೇ ಈತನ ಪಾಲಿಗೆ ಬಂದ ಕೆಲಸ. ಮೊದಲು ಕಾಗದದ ಮೇಲೆ ಚೌಕ ಚೌಕವಾಗಿ ಗೀಚುವುದು. ಆಮೇಲೆ ಗಣಕಯಂತ್ರದಲ್ಲಿ ಅದನ್ನು ಅಂದವಾಗಿ ಬಿಡಿಸುವುದು. ನಾಲ್ಕು ಜನರ ಕೈಗೆ ಕೊಟ್ಟು ಅವರ ಬೆರಳು ಎಲ್ಲಿ ತಡವರಿಸುವುದೆಂದು ನೋಡುವುದು. ಮನೆಯ ಯಜಮಾನನು ಒಳಗೆ ಬರುವವರು ಎಲ್ಲಿ ಕಾಲು ತೊಳೆಯಬೇಕು, ಎಲ್ಲಿ ಕುಳಿತುಕೊಳ್ಳಬೇಕು, ಯಾವ ಬಾಗಿಲನ್ನು ದಾಟಬಾರದು ಎಂದು ಕಟ್ಟುವಾಗಲೇ ಗೊತ್ತುಮಾಡಿಡುವನಲ್ಲವೆ, ಹಾಗೆ. “ನಿನ್ನ ಮಗ ಏನು ಮಾಡುತ್ತಾನೆ?” ಎಂದು ಯಾರಾದರೂ ಕೇಳಿದರೆ ತಂದೆ “ಕಂಪ್ಯೂಟರು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದನು.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿಕೊಳ್ಳುವುದಕ್ಕೆ ಎರಡು ದಿನ ಮುಂಚೆ ಆತನು ಊರಿಗೆ ಬಂದು ಸೇರಿದನು. ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಕ್ಕುತ್ತಿರಲಿಲ್ಲ. ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಒಂದು ಹೊನ್ನೆಯ ಮರದ ಬುಡದಲ್ಲಿ ಮಾತ್ರ ಅದು ನಿಲ್ಲುತ್ತಿತ್ತು. ಅಲ್ಲಿಯೇ ತಗಡಿನ ಮಾಡೊಂದನ್ನು ಹಾಕಿಕೊಂಡು ಆತನು ಕಚೇರಿಯ ಕೆಲಸ ನಡೆಸಿದನು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಆಗ ಹಾಗೆಯೇ ನಡೆಯಿತು. ಸಂಜೆ ಗುಡ್ಡ ಇಳಿದು ಬಂದರೆ ಅಜ್ಜಿಯ ಕಥೆಗಳು. ಆಕೆಗೆ ಆಗ ಎಂಬತ್ತೆರಡು ವರ್ಷ. ಪ್ರಾಯದಲ್ಲಿ ತಾನು ನಡೆದು ನೋಡಿದ ಅಪ್ಪೆಯ ಮರಗಳು ಹದಿನಾಲ್ಕು ಎಂದು ಆಕೆ ಬೆರಳು ಮಡಿಸಿ ಎಣಿಸಿದಳು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಸ್ವಭಾವ: ಒಂದರ ಮಿಡಿ ಮೂರು ವರ್ಷವಾದರೂ ಮೆತ್ತಗಾಗದು, ಇನ್ನೊಂದು ವರ್ಷ ಬಿಟ್ಟು ವರ್ಷ ಕಾಯುವುದು, ಮತ್ತೊಂದರ ಸೊನೆ ಕೈಗೆ ತಾಕಿದರೆ ಸುಡುವುದು. ಮಗನನ್ನು ಕಳುಹಿಸಿ ವಿಚಾರಿಸಲಾಗಿ ಹದಿನಾಲ್ಕರಲ್ಲಿ ಐದು ಮರಗಳು ಇರಲೇ ಇಲ್ಲ. ಎರಡು ರಸ್ತೆಗೆ ಹೋದುವು, ಒಂದು ಹೊಳೆಯ ಪ್ರವಾಹಕ್ಕೆ. ಉಳಿದೆರಡು ಏಕೆ ಹೋದುವೆಂದು ಹೇಳುವವರೇ ಇರಲಿಲ್ಲ. ಅಜ್ಜಿ ಸುಮ್ಮನೆ ಕುಳಿತಳು. ಮೊಮ್ಮಗನಿಗೆ ಆ ಮೌನದಿಂದ ಒಂದು ಯೋಚನೆ ಹುಟ್ಟಿತು. ಉಳಿದ ಒಂಬತ್ತನ್ನಾದರೂ ಬರೆದಿಡಬೇಡವೆ? ಅಂಥ ಅಜ್ಜಿಯರು ಊರೂರಿಗೂ ಇದ್ದಾರೆ. ಅವರೆಲ್ಲರ ಮರಗಳನ್ನೂ ಒಂದೆಡೆ ಸೇರಿಸಬಾರದೇಕೆ?

ಇದಕ್ಕೆ ಬೇಕಾದ ಮೂರು ಅಂಗಗಳೂ ಈಗ ಪ್ರತಿಯೊಬ್ಬನ ಜೇಬಿನಲ್ಲಿವೆ: ಇರುವ ಠಾವನ್ನು ಅರಿಯುವ ಶಕ್ತಿ, ನೋಡುವ ಕಣ್ಣು, ನೋಡಿದ್ದನ್ನು ಗೆಳೆಯರಿಗೆ ಮುಟ್ಟಿಸುವ ನಾಲಗೆ. ಇವು ಮೂರೂ ಬೇರೆ ಬೇರೆ ದಾರಿಗಳಿಂದ ಬಂದವು. ಅಮೆರಿಕದ ಸೈನ್ಯಕ್ಕಾಗಿ ಹಾರಿಸಿದ ಜಿ.ಪಿ.ಎಸ್. ಉಪಗ್ರಹಗಳು ಸಾಮಾನ್ಯ ಜನರಿಗೆ ಬೇಕೆಂದೇ ಸ್ವಲ್ಪ ತಪ್ಪಾದ ಠಾವನ್ನು ಹೇಳುತ್ತಿದ್ದುವು; ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಸರ್ಕಾರವು ಈ ಕೃತಕ ದೋಷವನ್ನು ತೆಗೆದುಹಾಕಿತು. ಅದೇ ವರ್ಷದ ಕೊನೆಯಲ್ಲಿ ಜಪಾನಿನಲ್ಲಿ ಶಾರ್ಪ್ ಸಂಸ್ಥೆಯ ಕ್ಯಾಮರಾ ಸಹಿತವಾದ ಫೋನು ಮಾರಾಟಕ್ಕೆ ಬಂದಿತು. ಅದರ ಚಿತ್ರದಲ್ಲಿ ಇದ್ದುದು ಒಂದು ಲಕ್ಷ ಹತ್ತು ಸಾವಿರ ಬಿಂದುಗಳು ಮಾತ್ರ. ಇನ್ನು ಮೂರನೆಯದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಡೆನಿಸ್ ಕ್ರೌಲಿ ಮತ್ತು ಅಲೆಕ್ಸ್ ರೇನರ್ಟ್ ಎಂಬಿಬ್ಬರು ಡಾಜ್‌ಬಾಲ್ ಎಂಬ ಏರ್ಪಾಡೊಂದನ್ನು ನಡೆಸಿದರು. ಅವರ ಕಾಲದ ಫೋನುಗಳಿಗೆ ಠಾವಿನ ಅರಿವೇ ಇರಲಿಲ್ಲ. ಆದುದರಿಂದ ಮನುಷ್ಯನೇ “ಇಂಥ ಹೋಟಲಿನಲ್ಲಿದ್ದೇನೆ” ಎಂದು ಸಂದೇಶ ಬರೆದು ಕಳುಹಿಸಬೇಕು. ಅದು ಆತನ ಗೆಳೆಯರಿಗೆ ತಲುಪುವುದು. ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಯಂತ್ರದ ಬಡತನದಿಂದ ಬಂದ ಈ ಮರ್ಯಾದೆಯ ಬೆಲೆ ಆಗ ಯಾರಿಗೂ ತೋರಲಿಲ್ಲ. 2005ರಲ್ಲಿ ಗೂಗಲ್ ಸಂಸ್ಥೆ ಅದನ್ನು ಕೊಂಡಿತು, 2009ರಲ್ಲಿ ಮುಚ್ಚಿತು. ಅದೇ ವರ್ಷ ಕ್ರೌಲಿಯು ನವೀನ್ ಸೆಲ್ವದುರೈ ಎಂಬುವರೊಡನೆ ಫೋರ್‌ಸ್ಕ್ವೇರ್ ಎಂಬ ಆ್ಯಪನ್ನು ಹೊರಡಿಸಿದನು. ಒಂದು ಅಂಗಡಿಗೆ ಎಲ್ಲರಿಗಿಂತ ಹೆಚ್ಚು ಸಲ ಹೋಗಿ ಬಂದೆನೆಂದು ಸಾರಿದವನು ಅದರ ‘ಮೇಯರ್’. ವಿವೇಕಿಗಳಾದ ವಯಸ್ಕರು ಈ ಪದವಿಗಾಗಿ ಕಾಫಿಯ ಅಂಗಡಿಗಳನ್ನು ಸುತ್ತಿದರು.

ಆದರೆ ಆ ತರುಣನು ತನ್ನ ಉದ್ಯೋಗದ ಪಾಠವೆಂದು ನೆನೆಯುತ್ತಿದ್ದುದು ಬೇರೊಂದು ಕಥೆಯನ್ನು. 2010ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಕೆವಿನ್ ಸಿಸ್ಟ್ರಂ ಎಂಬವನು ಬರ್ಬನ್ ಎಂಬ ಆ್ಯಪನ್ನು ರಚಿಸಿದನು. ಅದರಲ್ಲಿ ಎಲ್ಲವೂ ಇತ್ತು: ಇರುವ ಠಾವನ್ನು ಸಾರುವುದು, ಮುಂದೆ ಹೋಗುವ ಠಾವನ್ನು ಗೊತ್ತುಮಾಡುವುದು, ಗೆಳೆಯರ ಜತೆಗೆ ಕಳೆದ ಹೊತ್ತಿಗೆ ಅಂಕ ಗಳಿಸುವುದು, ಚಿತ್ರ ಹಾಕುವುದು. ಎಲ್ಲವೂ ಇದ್ದುದರಿಂದಲೇ ಜನರಿಗೆ ಅದು ತೊಡಕಾಯಿತು. ಸಿಸ್ಟ್ರಂ, ಮೈಕ್ ಕ್ರೀಗರ್ ಇಬ್ಬರೂ ಕುಳಿತು ಜನ ನಿಜವಾಗಿ ಬಳಸುತ್ತಿರುವುದು ಏನನ್ನೆಂದು ನೋಡಿದರು. ಚಿತ್ರ, ಅದರ ಮೇಲಿನ ಮಾತು, ಮೆಚ್ಚುಗೆ ಇಷ್ಟನ್ನಿಟ್ಟುಕೊಂಡು ಉಳಿದುದನ್ನೆಲ್ಲ ಕತ್ತರಿಸಿದರು. ಠಾವು ಚಿತ್ರದ ನೆತ್ತಿಯ ಮೇಲೊಂದು ಸಣ್ಣ ಅಕ್ಷರದ ಸಾಲಾಗಿ, ಬೇಕಿದ್ದವರಿಗೆ ಮಾತ್ರ ಉಳಿಯಿತು. ಹೆಸರನ್ನು ಇನ್‌ಸ್ಟಾಗ್ರಾಂ ಎಂದು ಬದಲಿಸಿ 2010ರ ಅಕ್ಟೋಬರ್ 6ರಂದು ಹೊರಡಿಸಲು, ಮೊದಲ ದಿನವೇ 25,000 ಮಂದಿ ಬಂದು ಸೇರಿದರು. 2012ರಲ್ಲಿ ಫೇಸ್‌ಬುಕ್ ಸಂಸ್ಥೆ ಅದನ್ನು ನೂರು ಕೋಟಿ ಡಾಲರಿಗೆ ಕೊಂಡುಕೊಂಡಾಗ ಅಲ್ಲಿದ್ದ ಕೆಲಸಗಾರರು ಹದಿಮೂರು ಜನ. ವಿನ್ಯಾಸವೆಂದರೆ ಕೂಡಿಸುವುದಲ್ಲ, ಕಳೆಯುವುದು ಎಂದು ಆತನ ಕಚೇರಿಯಲ್ಲಿ ಹೊಸಬರಿಗೆಲ್ಲ ಈ ಕಥೆಯನ್ನು ಹೇಳುವರಂತೆ. ಏನನ್ನು ಕಳೆಯಬೇಕೆಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ.

ಮಳೆಗಾಲದ ಬಿಡುವಿನಲ್ಲಿ ಆತನೂ, ಲೆಕ್ಕಾಚಾರ ಬರೆಯಬಲ್ಲ ಗೆಳೆಯನೊಬ್ಬನೂ ಸೇರಿ ಅಪ್ಪೆಯ ಆ್ಯಪನ್ನು ಕಟ್ಟಿದರು. ಪಾಠವನ್ನು ನೆನೆದು ಎಲ್ಲವನ್ನೂ ಕಳೆದು ಮೂರೇ ಗುಂಡಿಗಳನ್ನಿಟ್ಟರು. ಮರದ ಬುಡದಲ್ಲಿ ನಿಂತು ಮೊದಲನೆಯದನ್ನು ಒತ್ತಿದರೆ ಕ್ಯಾಮರಾ ತೆರೆಯುವುದು. ಮರ, ಎಲೆ, ಮಿಡಿ ಎಂದು ಮೂರು ಚಿತ್ರ ಹಿಡಿಯಬೇಕು. ಎರಡನೆಯದನ್ನು ಒತ್ತಿದರೆ ಫೋನು ತಾನೇ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿಕೊಳ್ಳುವುದು. ಮೂರನೆಯದನ್ನು ಒತ್ತಿದರೆ ಗೆಳೆಯರ ನಕ್ಷೆಯ ಮೇಲೆಲ್ಲ ಒಂದು ಹಸುರು ಚುಕ್ಕೆ ಮೂಡುವುದು. 2021ರ ಜನವರಿಯಲ್ಲಿ ಮೊದಲ ಪರೀಕ್ಷೆ ಅಜ್ಜಿಯ ಅಚ್ಚುಮೆಚ್ಚಿನ ಜೀರಿಗೆಯ ಅಪ್ಪೆಯ ಮೇಲೆಯೇ ನಡೆಯಿತು. ದಟ್ಟವಾದ ಎಲೆಗಳ ಕೆಳಗೆ, ಕೊಳ್ಳದ ಆಳದಲ್ಲಿ ಉಪಗ್ರಹದ ಅಲೆಗಳು ನೆಟ್ಟಗೆ ಬಾರವು. ಬಂಡೆಗೂ ದರೆಗೂ ತಾಗಿ ಸುತ್ತಿ ಬರುವುವು. ಆದುದರಿಂದ ಚುಕ್ಕೆ ಮೂವತ್ತು ಮಾರು ಜಾರಿ ಹಳ್ಳದ ಆಚೆಯ ದಂಡೆಯಲ್ಲಿ, ನೆರೆಯವರ ತೋಟದಲ್ಲಿ ಮೂಡಿತು. ಮನೆಗೆ ಬಂದು ತೋರಿಸಿದಾಗ ಅಜ್ಜಿ ಕಣ್ಣಿನ ಹತ್ತಿರ ಹಿಡಿದು ನೋಡಿ, “ತಮಾ, ನಿನ್ನ ಯಂತ್ರ ನಮ್ಮ ಮರವನ್ನು ಅವರಿಗೆ ಬರೆದುಕೊಟ್ಟಿತಲ್ಲೋ” ಎಂದು ನಕ್ಕಳು. ಆತನಿಗೆ ಆ ನಗೆ ಅಪಮಾನವಾಗಿ ತೋರಿತು. ಒಂದು ವಾರ ಕಷ್ಟಪಟ್ಟು, ಬಳಸುವವನು ಚುಕ್ಕೆಯನ್ನು ಬೆರಳಿನಿಂದ ಎಳೆದು ಸರಿಯಾದ ಠಾವಿನಲ್ಲಿ ನೆಡುವಂತೆ ತಿದ್ದಿದನು. ಆ ಹಿಂದೆ ತಪ್ಪಾಗಿದ್ದ ಚುಕ್ಕೆ ಹಾಗೆಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡನಂತೆ.

ಮೊದಲು ಆ್ಯಪಿನಲ್ಲಿದ್ದವರು ಮೂವತ್ತು ಮಂದಿ, ಎಲ್ಲರೂ ಗುರುತಿನವರು. ಆದರೆ ಗೆಳೆಯರನ್ನು ಕರೆಯಲು ಒಂದು ದಾರಿ ಬೇಡವೆ? ಒಬ್ಬನು ಐದು ಜನರನ್ನು ಕರೆಯಬಹುದೆಂದು ಇಟ್ಟರು. ಕರೆಸಿಕೊಂಡವನೂ ಐದು ಜನರನ್ನು ಕರೆಯಬಹುದಷ್ಟೆ. ಮೊದಲು ತೆರೆದಾಗಲೇ ಆ್ಯಪು ಕ್ಯಾಮರಾಕ್ಕೆ ಅನುಮತಿ ಕೇಳುತ್ತಿತ್ತು, ಠಾವಿಗೆ ಕೇಳುತ್ತಿತ್ತು, ಫೋನಿನಲ್ಲಿರುವ ಹೆಸರುಗಳ ಪಟ್ಟಿಗೂ ಕೇಳುತ್ತಿತ್ತು. ಹೊರಗಿನವರು ಇದನ್ನು ಕೇಳಿ ಆಶ್ಚರ್ಯಪಡಬಹುದು. ಆ ವೃತ್ತಿಯಲ್ಲಿ ಇದು ನಿತ್ಯದ ರೂಢಿ. ಹೊಸ ಮನೆಯ ಹೊಸ್ತಿಲಲ್ಲಿ ಕಾಗದದ ಕಟ್ಟನ್ನು ಮುಂದಿಟ್ಟು “ಇಲ್ಲಿ, ಇಲ್ಲಿ, ಇಲ್ಲಿ ರುಜು ಹಾಕಿ” ಎಂದರೆ ಓದಿ ರುಜು ಹಾಕುವವರು ಎಷ್ಟು ಮಂದಿ? ಆತನ ಸೋದರತ್ತೆ ಮೂರು ಸಲವೂ ‘ಆಗಲಿ’ ಎಂಬುದನ್ನು ಒತ್ತಿ, ಆಮೇಲೆ ಏನನ್ನು ಒತ್ತಿದೆನೆಂದು ಕೇಳಿದಳು. ಶಿವರಾತ್ರಿಯ ಹೊತ್ತಿಗೆ ಆ್ಯಪಿನಲ್ಲಿದ್ದವರು ನೂರ ನಲವತ್ತು ಮಂದಿ. ನಕ್ಷೆಯ ಮೇಲಿದ್ದ ಚುಕ್ಕೆಗಳು ಅರವತ್ತೊಂದು. ಅಘನಾಶಿನಿಯ ಕೊಳ್ಳದಲ್ಲಿ ಹಸುರು ಚುಕ್ಕೆಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನು ಆತನು ರಾತ್ರಿ ಗುಡ್ಡದ ಮೇಲೆ ಕುಳಿತು ದೀಪಾವಳಿಯ ಹಣತೆಗಳನ್ನು ನೋಡುವಂತೆ ನೋಡಿದನು.

ಮಾರ್ಚಿಯ ಎರಡನೆಯ ವಾರದಲ್ಲಿ ತಂದೆ ಮಿಡಿ ಕೊಯ್ಯಲು ಆಳನ್ನು ಕರೆದುಕೊಂಡು ಹೋದವನು ಬರಿಯ ಬುಟ್ಟಿಯಲ್ಲಿ ಮರಳಿ ಬಂದನು. ಜೀರಿಗೆಯ ಅಪ್ಪೆಯ ಕೊಂಬೆಗಳಲ್ಲಿ ಏಳನ್ನು ಕಡಿದಿದ್ದರು. ಮಿಡಿ ಬಿಡಿಸಿಕೊಂಡ ರೆಂಬೆಗಳು ಹಳ್ಳದ ನೀರಿಗೆ ಅಡ್ಡವಾಗಿ ಬಿದ್ದಿದ್ದುವು. ಕಾಂಡದ ಗಾಯಗಳಿಂದ ಸೊನೆ ಇಳಿದು ಕಪ್ಪುಗಟ್ಟಿತ್ತು. ಇದು ಆ್ಯಪಿನಿಂದಲೇ ಆಯಿತೆಂದು ಹೇಳಲು ಸಾಕ್ಷ್ಯವಿರಲಿಲ್ಲ. ಕಳ್ಳರು ಫೋನಿಲ್ಲದ ಕಾಲದಲ್ಲಿಯೂ ಇದ್ದರು. ಆದರೆ ನಕ್ಷೆಯ ಮೇಲಿದ್ದ ಇನ್ನೂ ಮೂರು ಮರಗಳಿಗೆ ಅದೇ ಹದಿನೈದು ದಿನಗಳಲ್ಲಿ ಅದೇ ಗತಿಯಾದುದನ್ನು ಕೇಳಿದ ಮೇಲೆ ಆತನಿಗೆ ಊಟ ಸೇರಲಿಲ್ಲ. ರಾತ್ರಿ ಅಜ್ಜಿಯ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದನು. ಆಕೆ ಗದರಿಸಿದ್ದರೆ ಸುಲಭವಾಗುತ್ತಿತ್ತು.

“ಎಷ್ಟು ಜನಕ್ಕೆ ಹೇಳಿದ್ದೆ?” ಎಂದು ಕೇಳಿದಳು.

“ನೂರ ನಲವತ್ತು ಜನಕ್ಕೆ, ಅಜ್ಜಿ.”

“ಅಷ್ಟೂ ಜನರ ಮನೆ ಬಲ್ಲೆಯಾ?”

ಆತನು ಮನಸ್ಸಿನಲ್ಲಿಯೇ ಎಣಿಸಿದನು. ಮೂವತ್ತೆಂಟರ ಮುಂದೆ ಎಣಿಕೆ ಹೋಗಲಿಲ್ಲ.

ಮರುದಿನ ಗೆಳೆಯನೊಡನೆ ಕುಳಿತು ಆ್ಯಪಿನ ದಾಖಲೆಗಳನ್ನು ಬಿಚ್ಚಿ ನೋಡಿದಾಗ ತಮ್ಮ ಕೈಯ ತಪ್ಪುಗಳು ಒಂದೊಂದಾಗಿ ಕಾಣತೊಡಗಿದುವು. ಯಾವ ಮರವನ್ನು ಯಾರು ಗುರುತಿಸಿದರೆಂಬುದು ಗಳಿಗೆ ನಿಮಿಷ ಸಹಿತವಾಗಿ ಬರೆದಿತ್ತು. ಯಾರು ಅದನ್ನು ತೆರೆದು ನೋಡಿದರೆಂಬುದು ಬರೆದೇ ಇರಲಿಲ್ಲ. ಕೊಟ್ಟವನ ಹೆಸರು ಉಂಟು, ಕೊಂಡವನ ಹೆಸರಿಲ್ಲ. ಇಂಥ ಖಾತೆಯನ್ನು ಶಿರಸಿಯ ಯಾವ ಅಡಿಕೆಯ ಮಂಡಿಯವನೂ ಇಡಲಾರನು. ಇನ್ನೊಂದು ಸಂಗತಿ ಅದಕ್ಕಿಂತ ಘೋರವಾಗಿತ್ತು. ಫೋನಿನ ಕ್ಯಾಮರಾ ಚಿತ್ರವನ್ನು ಹಿಡಿಯುವಾಗ, ಠಾವಿನ ಅನುಮತಿ ಇದ್ದರೆ, ಅಕ್ಷಾಂಶ ರೇಖಾಂಶಗಳನ್ನು ಚಿತ್ರದ ಒಡಲಿನಲ್ಲಿಯೇ ಕಣ್ಣಿಗೆ ಕಾಣದಂತೆ ಬರೆದಿಡುವುದು. ದೊಡ್ಡ ಸಂಸ್ಥೆಗಳ ಆ್ಯಪುಗಳು ಅನೇಕವು ಚಿತ್ರವನ್ನು ಪ್ರಕಟಿಸುವ ಮೊದಲು ಈ ಬರಹವನ್ನು ಅಳಿಸುತ್ತವೆ. ಇವರು ಅಳಿಸಿರಲಿಲ್ಲ. ನಕ್ಷೆಯನ್ನು ಪೂರ್ತಿಯಾಗಿ ಮುಚ್ಚಿದ್ದರೂ, ಎಲೆಯ ಚಿತ್ರವೊಂದನ್ನು ಇಳಿಸಿಕೊಂಡವನಿಗೆ ಮರದ ಬುಡದವರೆಗೆ ದಾರಿ ತೆರೆದೇ ಇತ್ತು.

ಇಂಥ ತಪ್ಪಿನಲ್ಲಿ ಅವರು ಒಂಟಿಯಾಗಿರಲಿಲ್ಲವೆಂಬುದು ಸಮಾಧಾನವೋ ಅಲ್ಲವೋ. ಓಡುವವರೂ ಸೈಕಲ್ ತುಳಿಯುವವರೂ ತಮ್ಮ ದಾರಿಯನ್ನು ದಾಖಲಿಸುವ ಸ್ಟ್ರಾವಾ ಎಂಬ ಆ್ಯಪು 2017ರ ನವೆಂಬರಿನಲ್ಲಿ ಲೋಕದ ಎಲ್ಲ ಓಟಗಳನ್ನೂ ಒಂದೇ ನಕ್ಷೆಯಲ್ಲಿ ಬೆಳಕಿನ ಗೆರೆಗಳಾಗಿ ತೋರಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೆ 2018ರ ಜನವರಿಯಲ್ಲಿ ನೋಡಿದವರಿಗೆ ಅಫಘಾನಿಸ್ಥಾನ, ಸಿರಿಯಾಗಳ ಕತ್ತಲೆಯ ನಡುವೆ ಅಲ್ಲಲ್ಲಿ ಹೊಳೆಯುವ ಚೌಕಗಳು ಕಂಡುವು: ಅಮೆರಿಕದ ಸೈನಿಕರು ತಮ್ಮ ಠಾಣ್ಯದ ಬೇಲಿಯೊಳಗೆ ಬೆಳಗಿನ ವ್ಯಾಯಾಮಕ್ಕೆ ಓಡಿದ ಜಾಡುಗಳು. ವಿದ್ವಾಂಸರ ಲೋಕದಲ್ಲಿ ಇದಕ್ಕೂ ಹಿಂದಿನ ಉದಾಹರಣೆಯುಂಟು. ಚೀನ ಮತ್ತು ವಿಯೆಟ್ನಾಮಿನ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ವಾಸಿಸುವ ಒಂದು ಜಾತಿಯ ಹಲ್ಲಿಯನ್ನು 1999ರಲ್ಲಿ ಮೊದಲ ಬಾರಿಗೆ ವರ್ಣಿಸಿ, ಅದು ದೊರೆತ ಠಾವನ್ನೂ ಶಾಸ್ತ್ರಸಂಪ್ರದಾಯದಂತೆ ಅಚ್ಚು ಮಾಡಿಸಿದರು. ಹಲ್ಲಿ ಸಾಕುವ ಶೋಕಿಯವರಿಗೆ ಮಾರುವವರು ಆ ಲೇಖನವನ್ನು ಓದಿದರು. ಕೆಲವೇ ವರ್ಷಗಳಲ್ಲಿ ಆ ಠಾವಿನಲ್ಲಿ ಅದು ಒಂದೂ ಉಳಿಯಲಿಲ್ಲ.

ಹಾಗಾದರೆ ಠಾವನ್ನು ಮುಚ್ಚಿಬಿಟ್ಟರೆ ತೀರಿತಲ್ಲವೆ? ಆತನು ಮೊದಲು ಹಾಗೆಯೇ ಎಣಿಸಿದನು. ನಕ್ಷೆಯನ್ನು ಅಂದೇ ಕೆಳಗಿಳಿಸಿ ಆ್ಯಪಿಗೆ ಬೀಗ ಹಾಕಿದನು. ಆದರೆ ರಸ್ತೆಗೆ ಹೋದ ಎರಡು ಮರಗಳೂ, ಕಾರಣವೇ ತಿಳಿಯದೆ ಹೋದ ಎರಡು ಮರಗಳೂ ಮನಸ್ಸಿನಿಂದ ಹೋಗವು. ಅವು ಮುಚ್ಚಿಟ್ಟಿದ್ದುದರಿಂದ ಉಳಿದವಲ್ಲ. ಅವು ಅಲ್ಲಿದ್ದುವೆಂದು ಬಲ್ಲವರು ಕಡಿಯುವ ದಿನ ಅಲ್ಲಿರಲಿಲ್ಲ, ಅಷ್ಟೆ. ಮತ್ತೂ ಒಂದು ಮಾತು. ಅಪ್ಪೆ ಬೀಜದಿಂದ ಬೆಳೆದರೆ ತಾಯಿಯ ಗುಣ ಬರುವುದೆಂಬ ಭರವಸೆಯಿಲ್ಲ; ಗುಣ ಉಳಿಯಬೇಕಾದರೆ ಆ ಮರದ ಕಡ್ಡಿಯನ್ನೇ ತಂದು ಕಸಿ ಕಟ್ಟಬೇಕು. ಇಂದು ಅನಂತಭಟ್ಟನ ಅಪ್ಪೆಯೆಂದು ತೋಟಗಳಲ್ಲಿ ನೆಡುವ ಗಿಡಗಳು ಆ ರೀತಿಯಲ್ಲಿಯೇ ಬಂದವು. ಯಾವನೋ ಒಬ್ಬನು ಯಾವನೋ ಒಬ್ಬನಿಗೆ ಮರವನ್ನು ತೋರಿಸಿದ್ದರಿಂದ ಅವು ಉಂಟಾದುವು. ಯಾರಿಗೂ ಹೇಳದ ಮರವು ಅಜ್ಜಿಯೊಡನೆಯೇ ಹೋಗುವುದು. ಎಲ್ಲರಿಗೂ ಹೇಳಿದ ಮರವು ಮುಂದಿನ ಶಿವರಾತ್ರಿಗೆ ಹೋಗುವುದು.

ಆತನು ಮತ್ತೆ ಕಾಗದವನ್ನು ಕೈಗೆತ್ತಿಕೊಂಡನು. ಈ ಸಲ ಅವನಿಗೆ ದಾರಿ ತೋರಿಸಿದ್ದು ಐನ್ಯಾಚುರಲಿಸ್ಟ್ ಎಂಬ ಆ್ಯಪು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 2008ರಲ್ಲಿ ಮೂವರು ವಿದ್ಯಾರ್ಥಿಗಳ ಕಡೆಯ ವರ್ಷದ ಕೆಲಸವಾಗಿ ಹುಟ್ಟಿದ ಇದು, ಗಿಡ ಹಕ್ಕಿ ಕೀಟಗಳ ಚಿತ್ರವನ್ನು ಠಾವಿನೊಡನೆ ದಾಖಲಿಸುವುದು. ಪಶ್ಚಿಮಘಟ್ಟದ ಕಾಡಿನಲ್ಲಿ ತಿರುಗುವವರು ಅನೇಕರು ಇದನ್ನು ಬಳಸುವರು. ಅಪಾಯದಲ್ಲಿರುವ ಜೀವಿಗಳ ವಿಷಯದಲ್ಲಿ ಮಾತ್ರ ಅದು ಠಾವನ್ನು ಮಸುಕುಗೊಳಿಸುವುದು: ಭೂಮಿಯನ್ನು ಒಂದು ಡಿಗ್ರಿಯ ಐದನೆಯ ಒಂದು ಭಾಗದ ಚೌಕಗಳಾಗಿ ಒಡೆದು, ಆ ಚೌಕದೊಳಗೆ ಎಲ್ಲಾದರೊಂದು ಕಡೆ ಚುಕ್ಕೆ ಇಡುವುದು. ನಮ್ಮ ಕಡೆ ಅಂಥ ಚೌಕದ ಒಂದು ಪಕ್ಕ ಸುಮಾರು ಇಪ್ಪತ್ತೆರಡು ಕಿಲೋಮೀಟರು. ಜಾತಿಯು ಆ ಸೀಮೆಯಲ್ಲಿದೆಯೆಂಬುದು ಲೋಕಕ್ಕೆ ತಿಳಿಯಿತು. ಬುಡಕ್ಕೆ ದಾರಿ ತಿಳಿಯಲಿಲ್ಲ.

ಅಂಕಿಗಳ ಈ ಆಟವು ಆತನಿಗೆ ಹಿಡಿಸಿತು. ಅಕ್ಷಾಂಶವನ್ನು ದಶಮಾಂಶದ ನಾಲ್ಕನೆಯ ಅಂಕಿಯವರೆಗೆ ಬರೆದರೆ ಹನ್ನೊಂದು ಮೀಟರಿನೊಳಗೆ ಠಾವು ಸಿಕ್ಕುವುದು. ಮೂರಕ್ಕೆ ನಿಲ್ಲಿಸಿದರೆ ನೂರ ಹತ್ತು ಮೀಟರು. ಎರಡಕ್ಕೆ ನಿಲ್ಲಿಸಿದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಅಂಕಿಯನ್ನು ಅಳಿಸಿದರೆ ಹತ್ತು ಪಾಲು ಮಂಜು ಕವಿಯಿತೆಂದು ಲೆಕ್ಕ. ಗೆಳೆಯನು ಒಂದು ಉಪಾಯ ಹೇಳಿದನು: ಪ್ರತಿಯೊಂದು ಸಲ ಗುರುತು ಹಾಕಿದಾಗಲೂ ಮರದ ಸುತ್ತ ಎತ್ತಲೋ ಒಂದಿಷ್ಟು ಸರಿಸಿ ತೋರಿಸಿದರಾಯಿತು. ಕೇಳಲು ಚೆನ್ನಾಗಿತ್ತು. ಆದರೆ ಒಂದೇ ಮರಕ್ಕೆ ಇಪ್ಪತ್ತು ಜನ ಗುರುತು ಹಾಕಿದರೆ ಚುಕ್ಕೆಗಳು ಮರದ ಸುತ್ತಲೂ ಉಂಗುರದಂತೆ ನಿಲ್ಲುವುವು. ಅವುಗಳ ಸರಾಸರಿಯನ್ನು ತೆಗೆದರೆ ನಟ್ಟನಡುವೆ ಮರ! ಮುಚ್ಚುವುದಕ್ಕೆ ಮಾಡಿದ ಉಪಾಯವೇ ಬೆರಳು ಮಾಡಿ ತೋರಿಸುವುದು. ಆದುದರಿಂದಲೇ ಚೌಕಗಳು ಮೊದಲೇ ನೆಟ್ಟ ಗಡಿಕಲ್ಲುಗಳಂತೆ ಅಲುಗದೆ ಇರಬೇಕು. ಮರವು ಚೌಕದ ಯಾವ ಮೂಲೆಯಲ್ಲಿದ್ದರೂ ಚುಕ್ಕೆಗೆ ಅದರ ಸುಳಿವು ಇರಬಾರದು. ಇಷ್ಟಾದರೂ ಕ್ಯಾಮರಾದ ಕಾಟ ತಪ್ಪಲಿಲ್ಲ. ಒಡಲಿನ ಬರಹವನ್ನು ಅಳಿಸಬಹುದು. ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಕಾಲುಸಂಕವನ್ನೂ ದೇವಸ್ಥಾನದ ಕಳಸವನ್ನೂ ಅಳಿಸುವ ಬಗೆ ಹೇಗೆ? ಕಡೆಗೆ ಇಡೀ ಮರದ ಚಿತ್ರವನ್ನೇ ಕೈಬಿಟ್ಟು, ಅಂಗೈಯ ಮೇಲಿಟ್ಟ ಎಲೆ ಮಿಡಿಗಳ ಚಿತ್ರಕ್ಕೆ ಮಾತ್ರ ಅವಕಾಶ ಕೊಟ್ಟರು. ಅನುಮತಿಗಳನ್ನೂ ಹೊಸ್ತಿಲಿನಿಂದ ತೆಗೆದು, ಕ್ಯಾಮರಾ ಬೇಕಾದಾಗ ಕ್ಯಾಮರಾಕ್ಕೆ, ಠಾವು ಬೇಕಾದಾಗ ಠಾವಿಗೆ ಕೇಳುವಂತೆ ಮಾಡಿದರು. ಹೆಸರುಗಳ ಪಟ್ಟಿಯನ್ನು ಕೇಳುವುದನ್ನೇ ಬಿಟ್ಟರು. ಫೋನುಗಳನ್ನು ಮಾಡುವವರಿಗೂ ಆ ಹೊತ್ತಿಗೆ ಎಚ್ಚರ ಬಂದಿತ್ತು. ನಿಖರವಲ್ಲದ, ಸುಮಾರಾದ ಠಾವನ್ನು ಮಾತ್ರ ಕೊಡುವ ಆಯ್ಕೆ ಆ್ಯಪಲ್ ಫೋನುಗಳಿಗೆ 2020ರಲ್ಲಿಯೂ ಆ್ಯಂಡ್ರಾಯ್ಡ್ ಫೋನುಗಳಿಗೆ 2021ರಲ್ಲಿಯೂ ಬಂದಿತು.

ಎಲ್ಲಕ್ಕಿಂತ ಹೆಚ್ಚು ವಾದ ನಡೆದುದು ಒಂದು ಗುಂಡಿಯ ಮೇಲೆ. ಹಳೆಯ ಆ್ಯಪಿನಲ್ಲಿ ಚುಕ್ಕೆಯನ್ನು ಮುಟ್ಟಿದರೆ ದಾರಿ ತೆರೆಯುತ್ತಿತ್ತು. ಹೊಸದರಲ್ಲಿ ಮರದ ಬಗೆ, ಮಿಡಿಯ ಚಿತ್ರ, ಚೌಕದ ಹೆಸರು ಇಷ್ಟು ಕಂಡು, ಕೆಳಗೆ ‘ಕೇಳು’ ಎಂಬ ಒಂದೇ ಗುಂಡಿ ಇರುವುದು. ಅದನ್ನು ಒತ್ತಿದವನ ಹೆಸರು, ಊರು, ಕಾರಣಗಳು ಮರವನ್ನು ಗುರುತಿಸಿದ ಮನೆಗೆ ತಲುಪುವುವು. ಮನೆಯವರು ಬೇಕೆನಿಸಿದರೆ ಅವರಾಗಿ ಫೋನು ಮಾಡುವರು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಮಿತ್ರರು ಇದನ್ನು ನೋಡಿ ನಕ್ಕರು. ಒಂದು ಗುಂಡಿಯ ಕೆಲಸಕ್ಕೆ ಎರಡು ದಿನ ಕಾಯಿಸುವ ಆ್ಯಪನ್ನು ಯಾರು ಬಳಸುವರು? ಆ ವೃತ್ತಿಯ ಧರ್ಮವೇ ನಡುವಿನ ತೊಡಕುಗಳನ್ನು ಸವರಿ ದಾರಿಯನ್ನು ನುಣುಪು ಮಾಡುವುದು. ಈತನು ತೊಡಕನ್ನು ಹುಡುಕಿ ತಂದು ನಡುವೆ ಇಟ್ಟಿದ್ದನು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. 2022ರ ಜನವರಿಯಲ್ಲಿ ಹೊಸ ಆ್ಯಪು ಹೊರಟಾಗ ಹಳೆಯ ನೂರ ನಲವತ್ತರಲ್ಲಿ ಬಂದವರು ಐವತ್ತೆರಡು ಮಂದಿ. ಅರವತ್ತೊಂದು ಮರಗಳಲ್ಲಿ ಮತ್ತೆ ಗುರುತಾದುವು ಇಪ್ಪತ್ತಾರು. ಹಸುರು ಹಣತೆಗಳಿದ್ದ ನಕ್ಷೆಯ ಮೇಲೆ ಈಗ ಅಗಲವಾದ ಮಂಕು ಚೌಕಗಳು ಮಾತ್ರ ಕಂಡುವು. ನೋಡಲು ಅಂದವಿರಲಿಲ್ಲ. ಅಂದವಿಲ್ಲದ್ದನ್ನು ತನ್ನ ಕೈಯಿಂದ ರಚಿಸುವುದು ಆತನ ಹೊಟ್ಟೆಗೆ ಬೆಂಕಿ ಹಾಕಿದಂತಿತ್ತೆಂದು ಹತ್ತಿರದವರು ಬಲ್ಲರು.

ಜೀರಿಗೆಯ ಅಪ್ಪೆಯನ್ನು ಆತನು ಮತ್ತೆ ಗುರುತಿಸಿರಲಿಲ್ಲ. ಆ ವರ್ಷ ಅದು ಹ್ಞೂ ಎಂದು ಒಂದು ಹೂವನ್ನೂ ಬಿಡಲಿಲ್ಲ. ಕಡಿದ ಕಡೆಗಳಲ್ಲಿ ಕೆಂಪು ಚಿಗುರು ಮಾತ್ರ ಒತ್ತಾಗಿ ಬಂದಿತ್ತು. ಯುಗಾದಿಯ ಮುಂಚೆ ಒಂದು ದಿನ ಅಜ್ಜಿಯೇ ಅದರ ಮಾತೆತ್ತಿದಳು. ಭರಣಿಯ ತಳದಲ್ಲಿದ್ದ ಎರಡು ವರ್ಷದ ಹಿಂದಿನ ಮಿಡಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು, “ಇದರ ಚಿತ್ರ ಹಿಡಿ” ಎಂದಳು. ಹೀಗೆ ಆ್ಯಪಿನಲ್ಲಿ ಜೀರಿಗೆಯ ಅಪ್ಪೆಯು ಉಪ್ಪಿನಲ್ಲಿ ನೆನೆದು ಚಿರುಟಿದ ಮಿಡಿಯ ರೂಪದಿಂದ, ಸುಕ್ಕುಗಟ್ಟಿದ ಒಂದು ಅಂಗೈಯ ಮೇಲೆ ಕಾಣಿಸಿಕೊಂಡಿತು.

ಮೂರು ವಾರಗಳ ಮೇಲೆ ಸಾಗರದ ಕಡೆಯಿಂದ ಒಬ್ಬರು ‘ಕೇಳು’ ಎಂಬ ಗುಂಡಿಯನ್ನು ಒತ್ತಿದರು, ಕಾರಣ, ಕಸಿ. ಅಜ್ಜಿಯೇ ಫೋನು ಹಿಡಿದು ಮಾತನಾಡಿದಳು. ಯಾವ ಊರು, ಯಾರ ಮಗ, ತಾಯಿಯ ತೌರುಮನೆ ಎಲ್ಲಿ, ತೋಟ ಎಷ್ಟು, ಎಷ್ಟು ಕಡ್ಡಿ ಬೇಕು, ಕಟ್ಟಿದ ಗಿಡವನ್ನು ಮಾರುವಿರೋ ನೆಡುವಿರೋ ಎಂದು ಅರ್ಧ ಗಂಟೆ ವಿಚಾರಿಸಿದಳು. ಮರವೆಲ್ಲಿದೆಯೆಂದು ಆತನು ಒಂದು ಸಲ ಕೇಳಿದುದಕ್ಕೆ, “ಅದು ಹೊಳೆಯ ಆಚೆ, ದೂರ. ಮಳೆ ಹಿಡಿದ ಮೇಲೆ ಬಾ, ಊಟಕ್ಕೇ ಬಾ” ಎಂದಳು. ಜೂನಿನ ಕಡೆಯಲ್ಲಿ ಆತನು ಬಂದನು. ಊಟವಾಯಿತು. ಮೊಮ್ಮಗನು ಮುಂದೆ, ಬಂದವನು ಹಿಂದೆ, ಇಬ್ಬರೂ ಕಂಬಳಿ ಕೊಪ್ಪೆ ಹಾಕಿಕೊಂಡು ಹಳ್ಳಕ್ಕೆ ಇಳಿದು ಹನ್ನೆರಡು ಕಡ್ಡಿಗಳನ್ನು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಮಳೆಗೆ ಹೆದರಿ ಇಬ್ಬರೂ ಫೋನುಗಳನ್ನು ಮನೆಯಲ್ಲಿಯೇ ಬಿಟ್ಟಿದ್ದರು.

ಅವನು ಹೊರಟುಹೋದ ಮೇಲೆ ಮೊಮ್ಮಗನು, “ಅಜ್ಜಿ, ನಾಳೆ ನನಗೂ ನಿನಗೂ ಮರೆತರೆ? ಮರದ ಸರಿಯಾದ ಠಾವನ್ನು ಒಳಗಾದರೂ ಬರೆದಿಡಲೇ?” ಎಂದು ಕೇಳಿದನು.

“ಬರೆ. ಜಗುಲಿಯ ಮೇಲೆ ಬರೆ,” ಎಂದಳು ಅಜ್ಜಿ.

ಆತನು ಚುಕ್ಕೆಯನ್ನು ಬೆರಳಿನಿಂದ ಎಳೆದು ಮನೆಯ ಜಗುಲಿಯ ಮೇಲೆ ನೆಟ್ಟನು. ಹನ್ನೆರಡು ಕಡ್ಡಿಗಳಲ್ಲಿ ಏಳು ಚಿಗುರಿವೆಯೆಂದು ಗಣೇಶನ ಹಬ್ಬದ ಹೊತ್ತಿಗೆ ಸಾಗರದಿಂದ ಫೋನು ಬಂದಿತು. ಆಗ ಆತನು ಗುಡ್ಡದ ಮೇಲಿದ್ದನು. ಸಿಗ್ನಲ್ ಸರಿಯಾಗಿ ನಿಲ್ಲದೆ, ಏಳೋ ಎಂಟೋ ಎಂದು ಎರಡು ಸಲ ಕೇಳಬೇಕಾಯಿತು.